ನಿಸರ್ಗ ನಡಿಗೆಗೆ ನಮ್ಮ ತೋಟದ ಉಣುಗೋಲು ತೆಗೆಯಬೇಕೆ?

ಹತ್ತಿರದ ಪಟ್ಟಣದ ನಿಸರ್ಗಾಸಕ್ತರ ಬಳಗವೊಂದು ನಮ್ಮ ಸಂಘಕ್ಕೆ ಪತ್ರ ಬರೆದು, ತಿಂಗಳಿಗೊಂದು ಭಾನುವಾರ ಸದಸ್ಯರ ತೋಟಗಳಲ್ಲಿ ನಿಸರ್ಗ ನಡಿಗೆ ನಡೆಸಲು ಅವಕಾಶ ಕೋರಿದೆ. ವಿಷಯ ಆಡಳಿತ ಮಂಡಲಿಯ ಮುಂದೆ ಬಂದಾಗ ಎರಡು ಅಭಿಪ್ರಾಯಗಳು ಕೇಳಿಬಂದವು. "ಬರಲಿ, ನಮಗೇನು ನಷ್ಟ?" ಎಂದವರು ಕೆಲವರು. "ಇಂದು ಹಕ್ಕಿ ಎಣಿಸಲು ಬಂದವರು ನಾಳೆ ಮರ ಎಣಿಸುತ್ತಾರೆ, ನಾಡಿದ್ದು ಜಮೀನು ಅಳೆಯುವವರನ್ನು ಕರೆತರುತ್ತಾರೆ" ಎಂದವರು ಇನ್ನು ಕೆಲವರು. ತೀರ್ಮಾನ ಆಯಾ ತೋಟದ ಯಜಮಾನರಿಗೆ ಸೇರಿದ್ದು. ಸಂಘ ಯಾರ ಮೇಲೂ ಹೇರುವಂತಿಲ್ಲ. ಆದರೂ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ. ಉಣುಗೋಲು ತೆಗೆಯಬೇಕು. ಆದರೆ ಬಂದವರನ್ನು ಒಳಗೆ ಬಿಟ್ಟು ನಾವು ಜಗಲಿಯಲ್ಲಿ ಕುಳಿತಿರಬಾರದು, ಜೊತೆಯಲ್ಲಿ ನಡೆಯಬೇಕು.

ನಿಸರ್ಗ ನಡಿಗೆ ಎಂದರೆ ಪಿಕ್‌ನಿಕ್ ಅಲ್ಲ. ಬೆಳಕು ಹರಿಯುವ ಹೊತ್ತಿಗೆ ಹತ್ತು ಹದಿನೈದು ಮಂದಿ ಸೇರುತ್ತಾರೆ. ತಿಳಿದವರೊಬ್ಬರು ಮುಂದೆ ನಡೆಯುತ್ತಾರೆ. ಎರಡು ಗಂಟೆಯಲ್ಲಿ ಎರಡು ಫರ್ಲಾಂಗು ದಾರಿ ಸಾಗಿದರೆ ಹೆಚ್ಚು. ಕೂಗು ಕೇಳಿದಲ್ಲಿ ನಿಲ್ಲುವುದು, ದುರ್ಬೀನಿನಲ್ಲಿ ನೋಡುವುದು, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು, ಇಷ್ಟೇ ಕಾರ್ಯಕ್ರಮ. ನಮ್ಮ ದೇಶದಲ್ಲಿ ಇದು ಹೊಸದೂ ಅಲ್ಲ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಂಥ ಸಂಸ್ಥೆಗಳು ಇಂಥ ನಡಿಗೆಗಳನ್ನು ಏರ್ಪಡಿಸುತ್ತ ಬಂದಿವೆ.

"ದಿನ ಬೆಳಗಾದರೆ ನೋಡುವ ತೋಟದಲ್ಲಿ ಹೊಸದಾಗಿ ನೋಡುವುದೇನಿದೆ?" ಎಂದು ಕೇಳುವವರುಂಟು. ನಾವು ತೋಟಕ್ಕೆ ಹೋಗುವುದು ಒಂದಲ್ಲ ಒಂದು ಕೆಲಸದ ಮೇಲೆ. ಕಾಫಿಯಲ್ಲಿ ಕಣ್ಣು ಗಿಡದ ಎತ್ತರಕ್ಕೆ ನಿಲ್ಲುತ್ತದೆ: ಹಣ್ಣಾಯಿತೆ, ಚಿಗುರು ತೆಗೆದರೆ, ಕಾಂಡಕೊರಕ ಬಿದ್ದಿದೆಯೆ. ಅಡಿಕೆಯಲ್ಲಿ ಕಣ್ಣು ಕೊನೆಯ ಮೇಲೆ. ಅದರ ಮೇಲೆಯೂ ಕೆಳಗೆಯೂ ಇರುವುದು ನಮ್ಮ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಬಂದರೆ ಮರಗಸಿಯ ಖರ್ಚಾಗಿ ಬರುತ್ತದೆ, ಇಲ್ಲವೆ ನಾಟಾ ವ್ಯಾಪಾರಿಯ ಮುಂಗಡವಾಗಿ ಬರುತ್ತದೆ. ಆದರೆ ನಮ್ಮ ಫಸಲಿನ ಬಹುಪಾಲು ಗುಟ್ಟು ಇರುವುದು ಅಲ್ಲಿಯೇ.

ಜೇನಿನ ಮಾತನ್ನೇ ತೆಗೆದುಕೊಳ್ಳಿ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಒಂದು ಗಿಡದ ಪರಾಗ ಇನ್ನೊಂದಕ್ಕೆ ಮುಟ್ಟಲೇಬೇಕು. ಮುಟ್ಟಿಸುವುದು ಗಾಳಿ ಮತ್ತು ಜೇನು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವುದು ಕೆಲವೇ ದಿನ. ಆ ದಿನಗಳಲ್ಲಿ ಹೆಜ್ಜೇನು, ತುಡುವೆಗಳು ಅಕ್ಕಪಕ್ಕದಲ್ಲಿ ಇದ್ದರೆ ನಮ್ಮ ಪುಣ್ಯ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಹೆಮ್ಮರಗಳಲ್ಲಿ. ತುಡುವೆಗೆ ಪೊಟರೆ ಬೇಕು, ಹುತ್ತ ಬೇಕು. ಹೂಮಳೆಗೆ ಕಾದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಸಾವಿರಾರು ರೂಪಾಯಿ ಡೀಸೆಲ್ ಸುಡುವ ನಾವು, ಜೇನು ಕಟ್ಟುವ ಮರ ಯಾವುದೆಂದು ಗುರುತಿಟ್ಟಿದ್ದೇವೆಯೆ?

ಮಂಗಟ್ಟೆ ಹಕ್ಕಿ ಇನ್ನೊಂದು ಉದಾಹರಣೆ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆ ಹೊಕ್ಕು, ಬಾಯಿ ಮುಚ್ಚಿಕೊಂಡು, ಕಿರಿದಾದ ಸೀಳೊಂದನ್ನು ಮಾತ್ರ ಬಿಟ್ಟು ವಾರಗಟ್ಟಲೆ ಒಳಗೇ ಇರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ಅತ್ತಿ, ಗೋಣಿ, ಬಸರಿ ಮರಗಳಿಲ್ಲದ ಕಡೆ ಅದಕ್ಕೆ ಊಟವಿಲ್ಲ. ಪೊಟರೆಯಿರುವ ಮರವಿಲ್ಲದ ಕಡೆ ಸಂಸಾರವಿಲ್ಲ. ನಾಟಾಕ್ಕೆ ಬಾರದ, ಸೌದೆಗೂ ಸಲ್ಲದ ಪೊಳ್ಳು ಮರವನ್ನು ಉರುಳಿಸುವಾಗ ನಾವು ಒಂದು ಮನೆಯನ್ನೇ ಉರುಳಿಸುತ್ತಿರಬಹುದು. ಈ ಹಕ್ಕಿ ನುಂಗಿ ಉಗುಳಿದ ಬೀಜದಿಂದಲೇ ಎಷ್ಟೋ ಕಾಡುಮರಗಳು ನಮ್ಮ ಬೇಲಿಯಂಚಿನಲ್ಲಿ ತಾವಾಗಿ ಹುಟ್ಟುತ್ತವೆ. ಸಸಿ ಹಂಚುವ ನಮ್ಮ ಸಂಘ ಅವಕ್ಕೆ ಬಿಲ್ ಹಾಕಿಲ್ಲ.

ನಾಲ್ಕು ಬಗೆಯ ಮರವಿದ್ದ ಜಾಗದಲ್ಲಿ ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನಿಲ್ಲಿಸುವ ರೂಢಿ ಹೆಚ್ಚಿದೆ. ಮೆಣಸಿನ ಬಳ್ಳಿಗೆ ಅದು ಅನುಕೂಲ, ಬೇಗ ಬೆಳೆಯುತ್ತದೆ, ಕಷ್ಟಕಾಲಕ್ಕೆ ಕಾಸಾಗುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಸಾಲದ ಕಂತು ಕಟ್ಟಬೇಕಾದ ಸಣ್ಣ ಹಿಡುವಳಿದಾರನಿಗೆ ಹಕ್ಕಿಯ ಹೆಸರಿನಲ್ಲಿ ಉಪದೇಶ ಮಾಡುವುದು ಸಲ್ಲದು. ಆದರೆ ನೆರಳು ತೆಳುವಾಗಿ ಕಾಂಡಕ್ಕೆ ಬಿಸಿಲು ಬಿದ್ದಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹೆಚ್ಚೆಂಬುದು ಎಲ್ಲರೂ ಬಲ್ಲ ಮಾತು. ಯಾವ ಮರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ತೂಗಿ ನೋಡಬೇಕಾದರೆ ಮೊದಲು ಇರುವುದರ ಹೆಸರು ಗೊತ್ತಿರಬೇಕು. ಹಳ್ಳದ ವಿಷಯವೂ ಹೀಗೆಯೇ. ಪಲ್ಪಿಂಗ್ ನೀರು ಸೇರಿದ ಹಳ್ಳದಲ್ಲಿ ಒಂದು ಕಲ್ಲು ಮಗುಚಿ ನೋಡಿ, ಸೇರದ ಹಳ್ಳದಲ್ಲಿ ಒಂದು ಕಲ್ಲು ಮಗುಚಿ ನೋಡಿ. ಕೆಳಗಿನ ಅಡಿಕೆ ತೋಟದವರ ದೂರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಇನ್ನು ಭಯದ ಮಾತು. ಅದು ಸುಮ್ಮನೆ ಹುಟ್ಟಿದ್ದಲ್ಲ. 2011ರಲ್ಲಿ ಗಾಡ್ಗೀಳ್ ಸಮಿತಿಯ ವರದಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ, ಅನಂತರ ಒಂದರ ಮೇಲೊಂದು ಕರಡು ಅಧಿಸೂಚನೆ ಬಂದವು. 2024ರ ಜುಲೈ ತಿಂಗಳಲ್ಲಿ ಹೊರಟದ್ದು ಆರನೆಯದು. ಪ್ರತಿ ಸಲವೂ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಹುಡುಕುವುದೇ ಮಲೆನಾಡಿಗರ ಪಾಡಾಗಿದೆ. ಆದರೆ ಒಂದನ್ನು ಗಮನಿಸಬೇಕು. ಘಟ್ಟ ಪ್ರದೇಶದ ಶೇ. 37 ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಕಸ್ತೂರಿರಂಗನ್ ಸಮಿತಿ ಗುರುತಿಸಿದ್ದು ಉಪಗ್ರಹದ ಚಿತ್ರಗಳನ್ನು ಆಧರಿಸಿ. ಯಾವ ಪಕ್ಷಿವೀಕ್ಷಕರ ಟಿಪ್ಪಣಿಯನ್ನೂ ಆಧರಿಸಿ ಅಲ್ಲ. ನೆರಳಿನ ಕೆಳಗಿನ ಕಾಫಿ ತೋಟವನ್ನು ಮೇಲಿನಿಂದ ನೋಡಿ ಕಾಡೆಂದು ಎಣಿಸಿದರೆಂಬುದು ಬೆಳೆಗಾರರು ಎತ್ತಿದ ಮುಖ್ಯ ಆಕ್ಷೇಪಗಳಲ್ಲೊಂದು. ಹಾಗಾದರೆ ನೆಲದ ಮೇಲೆ ನಿಂತು ನೋಡಿದ ಲೆಕ್ಕ ಇಲ್ಲದಿರುವುದೇ ನಮಗೆ ಆದ ತೊಂದರೆ. ತೋಟದಲ್ಲಿ ಅಪರೂಪದ ಹಕ್ಕಿ ಕಂಡ ಮಾತ್ರಕ್ಕೆ ಭೂಮಿಯ ಹಕ್ಕು ಹೋಗುವ ಕಾನೂನು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದರೋ, ನಾವು ಪಟ್ಟಿ ಬರೆದರೂ ಬರೆಯದಿದ್ದರೂ ಅನ್ವಯಿಸುತ್ತದೆ. "ಈ ತೋಟಗಳನ್ನು ತಲೆಮಾರುಗಳಿಂದ ದುಡಿದು, ಇಷ್ಟು ಮರ, ಇಷ್ಟು ಹಕ್ಕಿ, ಇಷ್ಟು ನೀರು ಉಳಿಸಿಕೊಂಡು ಬಂದವರು ನಾವು" ಎಂದು ಸರಕಾರದ ಮುಂದೆ ವಾದಿಸಲು ನಮಗೆ ಆಧಾರ ಬೇಕು. ಆ ಆಧಾರ ನಮ್ಮ ಕೈಯಲ್ಲೇ ಇರಲಿ ಎಂಬುದು ನಮ್ಮ ಮತ. ಬರೆದ ಪಟ್ಟಿ ಎಂದೂ ಯಾರ ಕೈಗೂ ಹೋಗದೆಂದು ಭರವಸೆ ಕೊಡಲಾಗದು. ಆದುದರಿಂದಲೇ ಷರತ್ತುಗಳು ಬೇಕೆನ್ನುತ್ತೇವೆ.

ಪೇಟೆಯವರು ಬಂದು ನಮಗೆ ಪಾಠ ಹೇಳುವುದೆ ಎಂಬ ಅಸಮಾಧಾನವೂ ಇದೆ. ಆನೆ ನುಗ್ಗಿ ಬಾಳೆ, ಅಡಿಕೆ ನೆಲಸಮ ಮಾಡಿದ ರಾತ್ರಿಯನ್ನು ಕಂಡವನಿಗೆ ವನ್ಯಪ್ರೇಮದ ಭಾಷಣ ರುಚಿಸಲಾರದು, ನಿಜ. ಅದಕ್ಕೇ ನಡಿಗೆಯಲ್ಲಿ ಮಾತು ಎರಡೂ ಕಡೆಯಿಂದ ಆಗಬೇಕು. ಮೂಡಿಗೆರೆಯಲ್ಲಿ ತಾವೇ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯಲ್ಲಿ (1980) ವಿಜ್ಞಾನಿಗೆ ಬೇಕಾದ ಸುಳಿವು ಸಿಗುವುದು ಹಳ್ಳಿಯ ಮಂದಣ್ಣನಿಂದ. ಅಡಿಕೆಯ ಕೊಳೆರೋಗವನ್ನು ಕುರಿತು ಡಾ. ಲೆಸ್ಲಿ ಕೋಲ್ಮನ್ನರು 1910ರಲ್ಲಿ ಮೈಸೂರು ಕೃಷಿ ಇಲಾಖೆಯಿಂದ ವರದಿ ಬರೆಯುವುದಕ್ಕೆ ಮೊದಲೇ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೋಲ್ಮನ್ನರಿಂದ ನಮಗೆ ಬೋರ್ಡೋ ದ್ರಾವಣ ಸಿಕ್ಕಿತು. ಎರಡೂ ಬೇಕಾಯಿತು. ಇಂದಿಗೂ ಯಾವ ಮರಕ್ಕೆ ಯಾವ ಹಕ್ಕಿ ಬರುತ್ತದೆಂದು ಹೇಳಬಲ್ಲವರು ನಮ್ಮ ಕೊನೆಗಾರರು, ಮರಗಸಿಯವರು. ಅವರನ್ನು ನಡಿಗೆಯ ಮುಂದೆ ನಿಲ್ಲಿಸಿ, ಆ ದಿನದ ಕೂಲಿಯನ್ನೂ ಕೊಡಬೇಕು.

ನಾವು ಸೂಚಿಸುವ ಷರತ್ತುಗಳು ಇವು:

1. ಯಜಮಾನರು, ಮನೆಯವರಲ್ಲೊಬ್ಬರು ಅಥವಾ ಅವರು ನೇಮಿಸಿದವರು ಜೊತೆಗಿರದೆ ನಡಿಗೆ ಇಲ್ಲ.

2. ಕಂಡದ್ದರ ಪಟ್ಟಿಯ ಒಂದು ಪ್ರತಿ ತೋಟದವರಿಗೆ ಸೇರಬೇಕು. ಅವರ ಒಪ್ಪಿಗೆಯಿಲ್ಲದೆ ತೋಟದ ಹೆಸರು, ಗೂಡಿನ ಜಾಗ, ಸೀತಾಳೆ ದಂಡೆಯಂಥ ಗಿಡಗಳ ನೆಲೆ ಎಲ್ಲಿಯೂ ಪ್ರಕಟವಾಗಬಾರದು.

3. ಆನೆ ಸುಳಿವಿದ್ದರೆ ನಡಿಗೆ ರದ್ದು. ಹಿಂದಿನ ಸಂಜೆಯೇ ಅರಣ್ಯ ಇಲಾಖೆಯವರನ್ನೂ ನೆರೆಯವರನ್ನೂ ವಿಚಾರಿಸಬೇಕು.

4. ಮಂಗ ಸತ್ತದ್ದು ಕಂಡಲ್ಲಿಗೆ ಹೋಗಬಾರದು. ಆರೋಗ್ಯ ಇಲಾಖೆಗೆ ತಿಳಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಉಣ್ಣೆ ಕಚ್ಚುವ ಬೇಸಗೆಯ ತಿಂಗಳುಗಳಲ್ಲಿ ಕಾಡಂಚಿನ ತೋಟ ಬೇಡ.

5. ಔಷಧಿ ಹೊಡೆದ ತೋಟಕ್ಕೂ, ಕೊಯ್ಲು ಬಿರುಸಾಗಿರುವ ತೋಟಕ್ಕೂ ಪ್ರವೇಶವಿಲ್ಲ. ನಾಯಿ, ಪ್ಲಾಸ್ಟಿಕ್, ಗದ್ದಲ ಬೇಡ. ಏನನ್ನೂ ಕೀಳುವಂತಿಲ್ಲ.

6. ಸ್ಥಳೀಯ ಶಾಲೆಯ ಮಕ್ಕಳಿಗೆ ಪ್ರತಿ ನಡಿಗೆಯಲ್ಲೂ ಜಾಗವಿರಬೇಕು.

ಕೊನೆಯ ಷರತ್ತನ್ನು ನಾವು ಬೇಕೆಂದೇ ಸೇರಿಸಿದ್ದೇವೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಬ್ಬಕ್ಕೆ ಬಂದು ಹೋಗುತ್ತಾರೆ. ತೋಟವೆಂದರೆ ಅವರಿಗೆ ಎಕರೆಗೆ ಇಷ್ಟೆಂಬ ಬೆಲೆ ಮಾತ್ರವಾದರೆ ಒಳ್ಳೆಯ ಬೆಲೆ ಬಂದ ದಿನ ಮಾರಿಬಿಡುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ. ಮಂಗಟ್ಟೆಯ ಪೊಟರೆಯನ್ನು ಕಣ್ಣಾರೆ ಕಂಡವರು, ಅಜ್ಜ ಉಳಿಸಿದ ಗೋಣಿಮರದ ಹೆಸರು ಬಲ್ಲವರು ಮಾರುವ ಮುನ್ನ ಇನ್ನೊಮ್ಮೆ ಯೋಚಿಸಬಹುದು. ಅಷ್ಟಾದರೂ ಸಾಕು.

ಮೊದಲ ವರ್ಷ ಮೂರು ನಾಲ್ಕು ತೋಟಗಳಲ್ಲಿ, ಮಳೆ ನಿಂತು ಕೊಯ್ಲು ಬಿರುಸಾಗುವ ಮೊದಲು ನಡೆಸಿ ನೋಡೋಣ. ಷರತ್ತು ಮುರಿದರೆ ಉಣುಗೋಲನ್ನು ಮತ್ತೆ ಹಾಕಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಒಪ್ಪಿಗೆಯಿರುವ ಸದಸ್ಯರು ಸಂಘದ ಕಛೇರಿಯಲ್ಲಿ ಹೆಸರು ಕೊಡಬೇಕಾಗಿಯೂ, ಒಪ್ಪದವರು ತಮ್ಮ ಕಾರಣಗಳನ್ನು ಬರೆದು ಕಳಿಸಬೇಕಾಗಿಯೂ ಕೋರುತ್ತೇವೆ. ಅವನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.