ನೆಟ್ಟ ಸಸಿ, ಬದುಕಿದ ಸಸಿ

ನಾನು ಶಿಕ್ಷಕನಾಗಿದ್ದ ಶಾಲೆಯಲ್ಲಿ ಪ್ರತಿ ವರ್ಷವೂ ವನಮಹೋತ್ಸವ ಜರುಗುತ್ತಿತ್ತು. ಹಿಂದಿನ ವರ್ಷದ ಕುಣಿಯಲ್ಲಿಯೇ ಹೊಸ ಸಸಿ ನೆಡುತ್ತಿದ್ದೆವು. ಹಳೆಯದು ಒಣಗಿ ಹೋಗಿರುತ್ತಿತ್ತು. ನೆಟ್ಟವುಗಳ ಸಂಖ್ಯೆಯನ್ನು ವರದಿಯಲ್ಲಿ ಬರೆಯುತ್ತಿದ್ದವನು ನಾನೇ. ಬದುಕಿದವುಗಳಿಗೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ, ನಾನೂ ಕೇಳಲಿಲ್ಲ.

ಇದು ಮತ್ತೆ ನೆನಪಾದದ್ದು ಗದಗಿನ ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಕಡೆಗೆ ಹೋದಾಗ. 2016ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ಜಿಯೋಇನ್ಫರ್ಮ್ಯಾಟಿಕ್ಸ್ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭಿಸಿತು. ಉಪಗ್ರಹಚಿತ್ರವನ್ನು ಓದುವ ವಿದ್ಯೆ ಬೇಕು, ನಿಜ. ಆದರೆ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವು ಆಗಸ್ಟಿನಲ್ಲಿ ಹಸಿರು, ಏಪ್ರಿಲ್‌ನಲ್ಲಿ ಬೋಳು. ಬೋಳಾಗಿ ತೋರುವುದೆಲ್ಲ ಹಾಳಾದ ಕಾಡಲ್ಲ. ಆ ಹುಲ್ಲು, ಆ ಕುರುಚಲು ತೋಳ, ಕತ್ತೆಕಿರುಬಗಳ ಮನೆ. ಪುನಶ್ಚೇತನದ ಹೆಸರಿನಲ್ಲಿ ಅದನ್ನು ಅಗೆದು ಸಸಿ ನೆಟ್ಟರೆ ಇದ್ದದ್ದನ್ನೂ ಕಳೆದುಕೊಂಡಂತೆ.

ಆದ್ದರಿಂದ ಪರಿಸರ ಪುನಶ್ಚೇತನವನ್ನು ಕಲಿಯುವ ವಿದ್ಯಾರ್ಥಿಯನ್ನು ಮೊದಲು ಗುಡ್ಡಕ್ಕೆ ಕಳಿಸಬೇಕೆಂಬುದು ನನ್ನ ವಾದ. ಮೀಟರಿನ ಚೌಕ ಹಾಕಿ ಅದರೊಳಗಿನ ಹುಲ್ಲಿನ ಜಾತಿಗಳನ್ನು ಎಣಿಸಲಿ. ಹೆಸರು ತಿಳಿಯದಿದ್ದರೆ ಕುರಿಗಾಹಿಯನ್ನು ಕೇಳಲಿ. ಅದೇ ಚೌಕಕ್ಕೆ ಮೂರು ಮಳೆಗಾಲ ಮರಳಿ ಬರಲಿ.

ಎರಡು ವರ್ಷದ ಕೋರ್ಸಿನಲ್ಲಿ ಮೂರು ಮಳೆಗಾಲ ಎಲ್ಲಿಂದ ತರುವುದು ಸರ್, ಎಂದು ನನ್ನ ಹಳೆಯ ಶಿಷ್ಯನೊಬ್ಬ ನಕ್ಕ. ಹಿಂದಿನ ತಂಡ ಬರೆದಿಟ್ಟ ಪುಸ್ತಕವನ್ನು ಮುಂದಿನ ತಂಡ ತೆರೆಯಲಿ, ಎಂದೆ. ಸತ್ತ ಸಸಿಗೂ ಅದರಲ್ಲೊಂದು ಕಾಲಂ ಇರಲಿ.