ವೋಲ್ಟು ಬೇರೆ, ಯೂನಿಟ್ಟು ಬೇರೆ



೨೦೨೩ನೆಯ ಇಸವಿಯಲ್ಲಿ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದು, ಮನೆಯ ವಿದ್ಯುತ್ತಿಗೆ ೨೦೦ ಯೂನಿಟ್ಟಿನ ಮಿತಿಯೊಳಗೆ ಶುಲ್ಕವಿಲ್ಲವೆಂದು ಗೊತ್ತಾದಾಗ, ನಮ್ಮ ಬಾಲಿಕೆಯೊಬ್ಬಳ ತಾಯಿಯವರು ಕಳವಳದಿಂದ ನನ್ನಲ್ಲಿಗೆ ಬಂದು, “ನಮ್ಮ ಮನೆಯಲ್ಲಿ ೨೩೦ ವೋಲ್ಟು ಇದೆಯಂತಲ್ಲಾ ಅಮ್ಮಾ, ಮಿತಿ ಮೀರಿತಲ್ಲವೇ?” ಎಂದು ಕೇಳಿದರು. ಮಗಳು ಹತ್ತನೆಯ ತರಗತಿಯವಳು. ಸೂತ್ರಗಳೆಲ್ಲ ಅವಳಿಗೆ ಕಂಠಪಾಠ. ಆದರೂ ತಾಯಿಯ ಸಂದೇಹವನ್ನು ಅವಳು ನಿವಾರಿಸಲಾರದೆ ಹೋದಳು. ಇದು ಹುಡುಗಿಯ ದೋಷವೆಂದು ನಾನು ಒಪ್ಪುವುದಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ಸೀಮೆಯಲ್ಲಿ ವೋಲ್ಟಿಗೂ ಕರೆಂಟೆನ್ನುತ್ತೇವೆ, ಯೂನಿಟ್ಟಿಗೂ ಕರೆಂಟೆನ್ನುತ್ತೇವೆ. ಪಾಠಶಾಲೆಯಲ್ಲಾದರೋ ವಸ್ತುವಿಗಿಂತ ಮೊದಲು ಸೂತ್ರವನ್ನು ಕಲಿಸುತ್ತೇವೆ.

ವೋಲ್ಟೆಂಬುದು ದರವೇ ಹೊರತು ಮೊತ್ತವಲ್ಲ. ಒಂದು ಕೂಲಂಬಿನಷ್ಟು ವಿದ್ಯುದಾವೇಶದ ಪಾಲಿಗೆ ಎಷ್ಟು ಜೌಲು ಶಕ್ತಿಯೆಂಬುದನ್ನು ಅದು ತಿಳಿಸುತ್ತದೆ. ಕೊಟ್ಟೂರಿನ ಪೇಟೆಯಲ್ಲಿ ಶೇಂಗಾದ ಧಾರಣೆಯು ಎಷ್ಟೇ ಏರಲಿ, ಒಂದು ಹಿಡಿ ಮಾರಿದವನ ಕೈಗೆ ಬರುವ ಹಣವೆಷ್ಟು? ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಅಂಗಿಯನ್ನು ಕಳಚುವಾಗ ಚಟಚಟನೆ ಹಾರುವ ಕಿಡಿಯಲ್ಲಿ ಸಾವಿರಾರು ವೋಲ್ಟುಗಳಿದ್ದರೂ ಆವೇಶವು ಅತ್ಯಲ್ಪವಾದುದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿರುವುದು ಕೇವಲ ೧೨ ವೋಲ್ಟು. ಆದರೆ ಅದು ೧೦೦ ಆಂಪೇರ್-ಗಂಟೆಯದಾದರೆ ಸುಮಾರು ೧.೨ ಯೂನಿಟ್ಟಿನಷ್ಟು ಶಕ್ತಿಯನ್ನು ಹೊತ್ತಿರುತ್ತದೆ. ಅದರ ಎರಡು ತುದಿಗಳ ಮೇಲೆ ಸ್ಪ್ಯಾನರು ಅಡ್ಡಬಿದ್ದರೆ ಕೆಂಪಗೆ ಕಾಯುವುದನ್ನು ಮೆಕಾನಿಕ್ಕರು ಬಲ್ಲರು.

ಊರ ಹೊರಗಿನ ಟಿ.ಸಿ.ಯನ್ನೇ ನೋಡಿರಿ. ೧೧,೦೦೦ ವೋಲ್ಟಾಗಿ ಬಂದುದು ಅಲ್ಲಿ ಇಳಿದು, ಮನೆಗೆ ೨೩೦ ಆಗಿ ಹೊರಡುತ್ತದೆ. ವೋಲ್ಟೇ ಶಕ್ತಿಯಾಗಿದ್ದರೆ ಉಳಿದುದೆಲ್ಲ ಎಲ್ಲಿಗೆ ಹೋಯಿತು? ದರವು ಇಳಿದಂತೆ ಪ್ರವಾಹವು ಏರುತ್ತದೆ; ಶಾಖವಾಗಿ ಹೋಗುವ ಸ್ವಲ್ಪಾಂಶದ ಹೊರತು ಮೊತ್ತವು ಮೊದಲಿನಷ್ಟೇ.

ಯೂನಿಟ್ಟೇ ಆ ಮೊತ್ತ. ೧,೦೦೦ ವಾಟಿನ ಒಲೆಯು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು, ಅಂದರೆ ೩೬ ಲಕ್ಷ ಜೌಲು. ಮೀಟರು ಎಣಿಸುವುದು ಇದನ್ನು.

ಈ ಭೇದವು ಪರೀಕ್ಷೆಗಷ್ಟೇ ಬೇಕಾದುದೆಂದು ತಿಳಿಯಬೇಡಿರಿ. ಬೇಸಗೆಯಲ್ಲಿ ವೋಲ್ಟು ಕುಗ್ಗಿದಾಗ, “ಕರೆಂಟು ಕಡಿಮೆ, ಖರ್ಚೂ ಕಡಿಮೆ” ಎಂದುಕೊಂಡು ಬೋರಿನ ಮೋಟಾರನ್ನು ಓಡಲು ಬಿಡುವವರುಂಟು. ಹೊರೆಯನ್ನು ಎಳೆಯಲು ಮೋಟಾರು ಆಗ ಹೆಚ್ಚು ಪ್ರವಾಹವನ್ನು ಸೆಳೆದುಕೊಳ್ಳುತ್ತದೆ. ತಂತಿಸುರುಳಿಯು ಕಾಯ್ದು ಸುಟ್ಟುಹೋಗುತ್ತದೆ. ಕೊಳವೆಬಾವಿಯ ಸಾಲವೇ ತೀರದ ಮನೆಗೆ ಇದು ಎಂತಹ ಪೆಟ್ಟೆಂಬುದನ್ನು ಹಡಗಲಿ, ಹಗರಿಬೊಮ್ಮನಹಳ್ಳಿಗಳ ರೈತ ಪೋಷಕರಿಗೆ ನಾನು ಹೇಳಬೇಕಾದುದಿಲ್ಲ. ಆ ಹೊತ್ತಿನಲ್ಲಿ “ಅಪ್ಪಾ, ಮೋಟಾರು ನಿಲ್ಲಿಸು” ಎನ್ನಬಲ್ಲ ಹುಡುಗಿಯು ಮನೆಯಲ್ಲಿರಬೇಕೆಂದು ನನ್ನ ಆಸೆ.

ಆದುದರಿಂದ ಪೋಷಕರಲ್ಲಿ ಒಂದು ವಿಜ್ಞಾಪನೆ. ಮುಂದಿನ ತಿಂಗಳ ಬಿಲ್ಲು ಬಂದೊಡನೆ ಅದನ್ನು ಗೂಟಕ್ಕೆ ಸಿಕ್ಕಿಸುವ ಮೊದಲು ಮಗಳ ಕೈಗೆ ಕೊಟ್ಟು, ಮೀಟರಿನ ಅಂಕೆಗೆ ತಾಳೆ ನೋಡಲು ಹೇಳಿರಿ.