ಓದಿಗೊಂದು ಸೂರು

ಮಕ್ಕಳನ್ನು ಕಾಲೇಜಿಗೆ ಸೇರಿಸುವ ದಿನಗಳು ಬಂದವೆಂದರೆ ಮನೆಮನೆಯಲ್ಲಿಯೂ ಒಂದೇ ಮಾತು. ಯಾವ ವಿಷಯ ಒಳ್ಳೆಯದು, ಶುಲ್ಕವೆಷ್ಟು, ಮುಂದೆ ಕೆಲಸ ಸಿಕ್ಕೀತೆ ಎಂಬ ಪ್ರಶ್ನೆಗಳಿಗೆ ವಾರಗಟ್ಟಲೆ ಕಾಲ ಸಲ್ಲುತ್ತದೆ. ಮಗನೋ ಮಗಳೋ ಅಲ್ಲಿ ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ರಾತ್ರಿ ಎಷ್ಟು ಹೊತ್ತಿನವರೆಗೆ ದೀಪವಿಟ್ಟುಕೊಂಡು ಓದಬಹುದು ಎಂಬುದು ಮಾತ್ರ ಕಡೆಯ ದಿನದ ಯೋಚನೆ. ಕಾಲೇಜಿನ ಪಾಠಕ್ಕೆ ಸಲ್ಲುವುದು ದಿನಕ್ಕೆ ಐದಾರು ಗಂಟೆ. ಉಳಿದ ಹೊತ್ತೆಲ್ಲ ಕಳೆಯಬೇಕಾದುದು ಆ ಸೂರಿನ ಕೆಳಗೆ. ಪಾಠ ರುಚಿಸದೆ ಓದು ಬಿಟ್ಟವರಿಗಿಂತ ನೆಲೆ ಸಿಕ್ಕದೆ ಓದು ಬಿಟ್ಟವರ ದುಃಖ ದೊಡ್ಡದು. ಏಕೆಂದರೆ ಅವರಿಗೆ ಓದುವ ಆಸೆ ಇನ್ನೂ ಉಳಿದಿರುತ್ತದೆ.

ಹಿಂದಿನವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. ಪರಸ್ಥಳಕ್ಕೆ ಓದಲು ಬಂದ ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಬೆಳೆಯುತ್ತಿದ್ದ ವಾರಾನ್ನದ ಕಾಲವನ್ನು ಹಿರಿಯರು ಇಂದಿಗೂ ನೆನೆಯುವುದುಂಟು. ಆದರೆ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯಲಾಗದು. ಈ ಕೊರತೆಯನ್ನು ಕಂಡೇ ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ಏರ್ಪಡಿಸಿದರು. ಕನ್ನಡನಾಡಿನಲ್ಲಿ ಈ ಹೊರೆಯನ್ನು ಮಠಗಳೂ ಸಮುದಾಯದ ಸಂಘಗಳೂ ಹೊತ್ತುವು. ತುಮಕೂರಿನ ಸಿದ್ಧಗಂಗೆಯಲ್ಲಿ ಉಂಡು ಓದಿದವರು ಇಲ್ಲದ ಜಿಲ್ಲೆ ವಿರಳ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಕುವೆಂಪು ಅವರಿಗೆ ಶ್ರೀರಾಮಕೃಷ್ಣಾಶ್ರಮ ನೆಲೆ ಕೊಟ್ಟಿತು. ಆದರೆ ಈ ಎಲ್ಲ ಏರ್ಪಾಡುಗಳಲ್ಲಿಯೂ ಬಹುಕಾಲ ನೆನಪಿಗೆ ಬಂದವನು ಹುಡುಗನೇ ಹೊರತು ಹುಡುಗಿಯಲ್ಲ.

ಇಂದು ತಾಲ್ಲೂಕು ಊರುಗಳಲ್ಲಿಯೂ ಪದವಿ ಕಾಲೇಜುಗಳಿವೆ. ಕಾಲೇಜಿಗೆ ಕಟ್ಟಡವಿರುತ್ತದೆ, ಅಧ್ಯಾಪಕರಿರುತ್ತಾರೆ. ಎಷ್ಟೋ ಕಡೆ ಸ್ವಂತ ಹಾಸ್ಟೆಲು ಮಾತ್ರ ಇರುವುದಿಲ್ಲ. ಅಂತಹ ಊರಿಗೆ ಬರುವ ವಿದ್ಯಾರ್ಥಿಯ ಮುಂದೆ ನಾಲ್ಕು ದಾರಿಗಳು. ಮೊದಲನೆಯದು ಸರ್ಕಾರದ ವಿದ್ಯಾರ್ಥಿನಿಲಯ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ನಡೆಸುವ ಮೆಟ್ರಿಕ್ ನಂತರದ ನಿಲಯಗಳಲ್ಲಿ ಊಟ ವಸತಿಗಳೆರಡೂ ಉಚಿತ. ಆದರೆ ಕುಟುಂಬದ ವರಮಾನಕ್ಕೆ ಮಿತಿಯುಂಟು, ಸ್ಥಳಗಳಿಗೂ ಮಿತಿಯುಂಟು. ಅರ್ಜಿಗೆ ಗೊತ್ತುಪಡಿಸಿದ ದಿನ ಕಳೆಯಿತೆಂದರೆ ಒಂದು ವರ್ಷವೇ ಕಳೆದಂತೆ. ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗೆ ನೆರವಾಗಲೆಂದೇ 'ವಿದ್ಯಾಸಿರಿ' ಎಂಬ ಯೋಜನೆ ಹುಟ್ಟಿತು. ಅದನ್ನರಿಯದೆ ಬರಿಗೈಯಲ್ಲಿ ಊರಿಗೆ ಹಿಂದಿರುಗುವವರೂ ಉಂಟು.

ಎರಡನೆಯದು ಸಮುದಾಯದ ಅಥವಾ ಮಠದ ನಿಲಯ. ಮೂರನೆಯದು ಊರಿನಿಂದಲೇ ದಿನವೂ ಓಡಾಡುವುದು. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಈ ದಾರಿಯ ಖರ್ಚು ಹುಡುಗಿಯರ ಮಟ್ಟಿಗೆ ಇಳಿಯಿತು. ಹಣ ಉಳಿದರೂ ಹೊತ್ತು ಉಳಿಯಲಿಲ್ಲ. ಮುಂಜಾನೆಯ ಬಸ್ಸಿಗೆ ಓಡಿ, ಸಂಜೆಯ ಬಸ್ಸಿಗೆ ಕಾದು, ಮನೆಗೆ ಬಂದೊಡನೆ ಒಲೆಯ ಮುಂದೆ ನಿಲ್ಲಬೇಕಾದ ಮಗಳು ಪುಸ್ತಕ ತೆರೆಯುವುದು ಯಾವಾಗ?

ನಾಲ್ಕನೆಯದು ಬಾಡಿಗೆಯ ಕೋಣೆ ಅಥವಾ ಪಿ.ಜಿ. ಎಂದು ಕರೆಯುವ ಖಾಸಗಿ ವಸತಿ. ದುಡ್ಡುಳ್ಳವರಿಗೆ ಇದು ಸುಲಭ. ಕಣ್ಣು ಮುಚ್ಚಿಕೊಂಡು ಒಪ್ಪಿದರೆ ಇದೇ ಕಷ್ಟ. ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ಇಂತಹ ವಸತಿಗಳಿಗೆ ನಿಯಮಗಳನ್ನು ಹೊರಡಿಸಿ, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರು ನೀರು ಇರಬೇಕೆಂದು ಗೊತ್ತುಪಡಿಸಿತು. ಈ ನಿಯಮ ಚಿಕ್ಕ ಊರಿಗೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ್ದರೆ ಒಬ್ಬೊಬ್ಬರ ಪಾಲಿಗೆ ಬಂದದ್ದೆಷ್ಟೆಂಬ ಲೆಕ್ಕವನ್ನು ತಂದೆಯಾದವರು ಅಲ್ಲಿಯೇ ನಿಂತು ಮಾಡಬಹುದು.

ಸೂರು ಸಿಕ್ಕಿದ ಮೇಲೆ ಬರುವುದು ನಿಯಮ. ನಿಯಮವಿಲ್ಲದೆ ನೂರು ಜನ ಒಂದೆಡೆ ಬಾಳಲಾಗದು. ಹೊಸಬರನ್ನು ಹಳಬರು ಪೀಡಿಸಬಾರದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2009ರಲ್ಲಿ ರ‍್ಯಾಗಿಂಗ್ ವಿರುದ್ಧ ವಿಧಿಗಳನ್ನು ರಚಿಸಿ, ವಿದ್ಯಾರ್ಥಿಯೂ ಪೋಷಕರೂ ಪ್ರಮಾಣಪತ್ರ ಬರೆದುಕೊಡಬೇಕೆಂದಿತು. ಸಾಧ್ಯವಾದಷ್ಟು ಮಟ್ಟಿಗೆ ಹೊಸಬರ ವಸತಿ ಪ್ರತ್ಯೇಕವಾಗಿರಲಿ ಎಂದಿತು. ಇಂತಹ ನಿಯಮಕ್ಕೆ ಕಾರಣ ಎಲ್ಲರಿಗೂ ಕಾಣುತ್ತದೆ. ದುರ್ಬಲನನ್ನು ಕಾಯುವುದೇ ಅದರ ಉದ್ದೇಶ.

ಆದರೆ ಕಾಯುವ ಹೆಸರಿನಲ್ಲಿ ಕಟ್ಟಿಹಾಕುವ ನಿಯಮಗಳೂ ಉಂಟು. ಹುಡುಗರ ನಿಲಯದ ಬಾಗಿಲು ರಾತ್ರಿ ತಡವಾಗಿ ಮುಚ್ಚಿದರೂ ಯಾರೂ ಕೇಳರು. ಹುಡುಗಿಯರ ನಿಲಯಕ್ಕೆ ಮಾತ್ರ ದೀಪ ಹಚ್ಚುವ ಹೊತ್ತಿಗೇ ಬೀಗ. ಗ್ರಂಥಾಲಯ ಎಂಟು ಗಂಟೆಯವರೆಗೆ ತೆರೆದಿದ್ದು, ಹುಡುಗಿ ಆರಕ್ಕೇ ಒಳಗಿರಬೇಕೆಂದರೆ ಆ ಎರಡು ಗಂಟೆ ಗ್ರಂಥಾಲಯ ಯಾರದು? ಹುಡುಗಿಯರ ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ಕಟ್ಟುಗಳನ್ನು ಅವರ ಹಾಸ್ಟೆಲುಗಳಲ್ಲಿ ವಿಧಿಸಬಾರದೆಂದು ಇದೇ ಆಯೋಗ 2016ರಲ್ಲಿ ಪ್ರಕಟವಾದ ತನ್ನ ವಿಧಿಗಳಲ್ಲಿ ಸ್ಪಷ್ಟಪಡಿಸಿತು. ಇದು ಎಷ್ಟು ಮಂದಿ ತಂದೆತಾಯಿಗಳಿಗೆ ತಿಳಿದಿದೆ?

ಕೇರಳದ ಕೋಳಿಕ್ಕೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ನಡೆದ ಸಂಗತಿ ಈ ವಿಚಾರದಲ್ಲಿ ಗಮನಾರ್ಹ. ಅಲ್ಲಿಯ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಫೋನನ್ನು ಮುಟ್ಟಬಾರದೆಂಬ ನಿಯಮವಿತ್ತು. ಓದಿಗೂ ಅದು ಬೇಕೆಂದು ಬಿ.ಎ. ವಿದ್ಯಾರ್ಥಿನಿಯೊಬ್ಬಳು ಒಪ್ಪದಿದ್ದಾಗ ಹಾಸ್ಟೆಲು ತೊರೆಯಬೇಕಾಯಿತು. ಅವಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕಳು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅವಳ ಪರವಾಗಿ ತೀರ್ಪಿತ್ತು, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದುದೆಂದು ಸಾರಿ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು. ಮೂರು ವರ್ಷಗಳ ತರುವಾಯ, 2022ರ ಡಿಸೆಂಬರಿನಲ್ಲಿ, ಆ ರಾಜ್ಯದ ಸರ್ಕಾರ ವೈದ್ಯಕೀಯ ಕಾಲೇಜುಗಳ ಹಾಸ್ಟೆಲುಗಳಿಗೆ ಹುಡುಗ ಹುಡುಗಿ ಎಂಬ ಭೇದವಿಲ್ಲದೆ ರಾತ್ರಿ ಒಂಬತ್ತೂವರೆಯ ಒಂದೇ ವೇಳೆಯನ್ನು ಗೊತ್ತುಪಡಿಸಿತು. ಈ ವಿಷಯದಲ್ಲಿಯೂ ದನಿಯೆತ್ತಿದವರು ವಿದ್ಯಾರ್ಥಿನಿಯರೇ.

ಹೀಗೆಂದ ಮಾತ್ರಕ್ಕೆ ತಂದೆತಾಯಿಗಳ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಮಗಳು ಕಣ್ಣಳತೆ ದಾಟಿದೊಡನೆ ತಾಯಿಯ ನಿದ್ರೆ ಹಾರುವುದು ಸಹಜ. ಮೇಲ್ವಿಚಾರಕಿಯ ಹೊಣೆಯೂ ಸಣ್ಣದಲ್ಲ. ಏನಾದರೂ ಸಂಭವಿಸಿದರೆ ಮೊದಲು ಪ್ರಶ್ನೆಗೆ ಗುರಿಯಾಗುವವಳು ಅವಳೇ. ಆದರೆ ಬೀಗಕ್ಕಿಂತ ಬೆಳಕು ಹೆಚ್ಚು ಕಾಯುತ್ತದೆ. ಕಾಲೇಜಿನಿಂದ ಹಾಸ್ಟೆಲಿಗೆ ಬರುವ ಹಾದಿಯಲ್ಲಿ ದೀಪವಿದೆಯೆ, ರಾತ್ರಿ ಜ್ವರ ಬಂದರೆ ವೈದ್ಯರಲ್ಲಿಗೆ ಕರೆದೊಯ್ಯುವವರು ಯಾರು, ದೂರು ಹೇಳಿದವಳಿಗೆ ಮಾರನೆಯ ದಿನ ಕಿರುಕುಳ ತಪ್ಪೀತೆ ಎಂಬುವು ಬಾಗಿಲು ಮುಚ್ಚುವ ವೇಳೆಗಿಂತ ಮುಖ್ಯವಾದ ಪ್ರಶ್ನೆಗಳು.

ಆದುದರಿಂದ ಶುಲ್ಕ ಕಟ್ಟುವ ಮೊದಲೇ ಹಾಸ್ಟೆಲಿಗೊಮ್ಮೆ ಹೋಗಿ ಬರುವುದು ಲೇಸು. ನಿಯಮಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿನ ನಿಯಮ ದಿನಕ್ಕೊಂದು ಬಣ್ಣ ತಾಳುತ್ತದೆ. ಮಧ್ಯದಲ್ಲಿ ಬಿಟ್ಟರೆ ಮುಂಗಡ ಹಿಂದಿರುಗುವುದೆ ಎಂದು ಕೇಳಲು ಸಂಕೋಚ ಬೇಡ. ಆಫೀಸಿನ ಕುರ್ಚಿಯಿಂದ ಎದ್ದು ಅಡಿಗೆಮನೆ, ಬಚ್ಚಲುಮನೆಗಳನ್ನು ನೋಡಬೇಕು. ಅಲ್ಲಿ ಈಗಾಗಲೇ ಇರುವ ಹುಡುಗಿಯರೊಡನೆ ಎರಡು ಮಾತನಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಯಲ್ಲಿ ಬಂದ ಮಗಳನ್ನು ಬಾಗಿಲಲ್ಲಿ ನಿಲ್ಲಿಸದೆ, ಅವಳಿಗೆ ಆ ಸ್ಥಳ ಒಪ್ಪಿಗೆಯೇ ಎಂದು ಕೇಳಬೇಕು. ಮೂರು ವರ್ಷ ಅಲ್ಲಿ ಬಾಳಬೇಕಾದವಳು ಅವಳು.